ಇಂದಿನ ಧಮ್ಮ ಚಿಂತನೆ: ಸಮತೋಲನಕ್ಕೆ ಬರುವುದು ಎಂದರೇನು?



ನಮ್ಮ ಅಧ್ಯಯನದಲ್ಲಿ ಮೆತ್ತಾ, ಕರುಣಾ, ಮುದಿತಾ ಮುಗಿದು ನಾಲ್ಕನೆಯ ಬ್ರಹ್ಮವಿಹಾರವಾದ ಉಪೇಕ್ಖಾಗೆ ಬಂದಿದ್ದೇವೆ. ಕನ್ನಡ ಬಲ್ಲವರಿಗೆ ಇಲ್ಲೊಂದು ತೊಡಕಿದೆ. ಪಾಳಿಯ ಉಪೇಕ್ಖಾ ಕನ್ನಡದಲ್ಲಿ ಉಪೇಕ್ಷೆ. ನಮ್ಮ ಮಾತಿನಲ್ಲಿ ಉಪೇಕ್ಷೆ ಎಂದರೆ ಕಡೆಗಣಿಸುವುದು, ಅಸಡ್ಡೆ ಮಾಡುವುದು. 'ನಮ್ಮ ಊರನ್ನು ಉಪೇಕ್ಷಿಸಲಾಗಿದೆ' ಎಂದು ಮನವಿ ಪತ್ರದಲ್ಲಿ ಬರೆಯುತ್ತೇವೆ. ಹಾಗಾದರೆ ಬುದ್ಧರು ಕಲಿಸಿದ್ದು ಅಸಡ್ಡೆಯನ್ನೇ?

ಪದವನ್ನು ಬಿಡಿಸಿ ನೋಡೋಣ. ಅಪೇಕ್ಷೆ, ನಿರೀಕ್ಷೆ, ಪರೀಕ್ಷೆ, ಸಮೀಕ್ಷೆ, ಉಪೇಕ್ಷೆ: ಇವೆಲ್ಲ ಒಂದೇ ತಾಯಿಯ ಮಕ್ಕಳು. ಎಲ್ಲದರೊಳಗೂ ಇರುವುದು 'ಈಕ್ಷ್', ಅಂದರೆ ನೋಡು. 'ಉಪ' ಎಂದರೆ ಹತ್ತಿರ. ಉಪಾಧ್ಯಾಯ, ಉಪವಾಸ, ಉಪನಗರ ಎನ್ನುವಾಗ ಇರುವುದೂ ಅದೇ ಉಪ. ಹಾಗೆ ನೋಡಿದರೆ ಉಪೇಕ್ಖಾ ಎಂಬ ಪದದೊಳಗೆ ಕೂತಿರುವುದು ಹತ್ತಿರವಿದ್ದು ನೋಡುವುದು. ನಮ್ಮ ಬಳಕೆಯಲ್ಲಿ ಅದು ಮುಖ ತಿರುಗಿಸುವುದಾಗಿಬಿಟ್ಟಿದೆ.

ಇದನ್ನು ತಿಳಿಯಲು ವಿಜ್ಞಾನದ ಒಂದು ಪದ ನೆರವಾಗುತ್ತದೆ. ಪ್ರಯೋಗಾಲಯದಲ್ಲಿ ಒಂದು ವಸ್ತುವನ್ನು ಅಳೆಯುವ ಮುಂಚೆ 'ಈಕ್ವಿಲಿಬ್ರೇಟ್ ಆಗಲು ಬಿಡಿ' ಎನ್ನುತ್ತಾರೆ. ಸಮತೋಲನಕ್ಕೆ ಬರಲು ಬಿಡಿ ಎಂದರ್ಥ. ಲ್ಯಾಟಿನ್ ಮೂಲದಲ್ಲಿ 'ಈಕ್ವಸ್' ಎಂದರೆ ಸಮ, 'ಲಿಬ್ರಾ' ಎಂದರೆ ತಕ್ಕಡಿ. ನಮ್ಮ 'ಸಮತೋಲನ'ದಲ್ಲಿರುವ ತೋಲನವೂ ತೂಗುವುದೇ. ಎರಡು ಭಾಷೆಗಳೂ ತಕ್ಕಡಿಯನ್ನು ನೋಡಿಯೇ ಈ ಪದ ಕಟ್ಟಿವೆ.

ಜ್ವರ ನೋಡುವ ಹಳೆಯ ಪಾದರಸದ ಥರ್ಮಾಮೀಟರನ್ನು ನೆನಪಿಸಿಕೊಳ್ಳಿ. ಕಂಕುಳಲ್ಲಿ ಇಟ್ಟ ತಕ್ಷಣ ತೆಗೆದು ನೋಡಿದರೆ ಅದು ಸುಳ್ಳು ಹೇಳುತ್ತದೆ. ಕೆಲವು ನಿಮಿಷ ಕಾಯಬೇಕು. ದೇಹದ ಬಿಸಿ ಗಾಜಿಗೆ, ಪಾದರಸಕ್ಕೆ ಹರಿದು ಎರಡೂ ಸಮವಾದ ಮೇಲೆಯೇ ಅದು ಹೇಳುವ ಅಂಕಿ ನಿಜ. ಸಮತೋಲನಕ್ಕೆ ಬರಲು ಎರಡು ಬೇಕು: ತಾಗುವುದು ಮತ್ತು ಕಾಯುವುದು.

ಇನ್ನೊಂದು ಮಾತು. ಅರ್ಧ ನೀರು ತುಂಬಿ ಮುಚ್ಚಳ ಬಿಗಿದ ಬಾಟಲಿ ನಿಶ್ಚಲವಾಗಿ ಕಾಣುತ್ತದೆ. ಆದರೆ ಒಳಗೆ ನೀರಿನ ಕಣಗಳು ಒಂದೇ ಸಮನೆ ಆವಿಯಾಗಿ ಏಳುತ್ತಿರುತ್ತವೆ, ಅಷ್ಟೇ ವೇಗದಲ್ಲಿ ಆವಿ ಮರಳಿ ನೀರಾಗುತ್ತಿರುತ್ತದೆ. ಕೊಡುವುದೂ ಪಡೆಯುವುದೂ ಸಮನಾಗಿರುವುದರಿಂದ ನೀರಿನ ಮಟ್ಟ ಬದಲಾಗುವುದಿಲ್ಲ. ವಿಜ್ಞಾನಿಗಳು ಇದನ್ನು ಚಲನಶೀಲ ಸಮತೋಲನ ಎನ್ನುತ್ತಾರೆ. ಅದು ಜಡವಲ್ಲ.

ಈಗ ಫ್ಲಾಸ್ಕಿನಲ್ಲಿಟ್ಟ ಕಾಫಿಯನ್ನು ನೋಡಿ. ಗಂಟೆಗಟ್ಟಲೆ ಅದರ ಬಿಸಿ ಹೆಚ್ಚು ಇಳಿಯುವುದಿಲ್ಲ. ಎಷ್ಟು ಸ್ಥಿರ ಎನ್ನಿಸುತ್ತದೆ. ಆದರೆ ಅದು ಸಮತೋಲನವಲ್ಲ. ಹೊರಗಿನದು ತಾಗದಂತೆ ಎರಡು ಗೋಡೆಗಳ ನಡುವಿನ ಗಾಳಿಯನ್ನು ತೆಗೆದಿರುವುದರಿಂದ ಬಂದ ಸ್ಥಿರತೆ ಅದು. ಬುದ್ಧಘೋಷರು ವಿಸುದ್ಧಿಮಗ್ಗದಲ್ಲಿ ಪ್ರತಿ ಬ್ರಹ್ಮವಿಹಾರಕ್ಕೂ ದೂರದ ಶತ್ರು, ಹತ್ತಿರದ ಶತ್ರು ಎಂದು ಎರಡು ಹೇಳುತ್ತಾರೆ. ಉಪೇಕ್ಖಾದ ದೂರದ ಶತ್ರುಗಳು ರಾಗ ಮತ್ತು ದ್ವೇಷ. ಇವನ್ನು ಗುರುತಿಸುವುದು ಸುಲಭ. ಹತ್ತಿರದ ಶತ್ರು ಅಞ್ಞಾಣುಪೇಕ್ಖಾ, ಅರಿವಿಲ್ಲದ ಉಪೇಕ್ಷೆ. ನೋಡಲು ಉಪೇಕ್ಖಾದ ಹಾಗೆಯೇ ಇರುವುದರಿಂದ ಇದೇ ಹೆಚ್ಚು ಅಪಾಯಕಾರಿ. ನಾನು ಇದನ್ನು ಫ್ಲಾಸ್ಕಿನ ಉಪೇಕ್ಷೆ ಎಂದು ಕರೆಯುತ್ತೇನೆ.

ಕಳೆದ ಭಾನುವಾರ ನಮ್ಮ ಬಳಗದ ಅಕ್ಕ ಒಬ್ಬರು ಕೇಳಿದರು: "ಮೇಷ್ಟ್ರೇ, ನಮ್ಮ ಅತ್ತೆ ಹಾಸಿಗೆ ಹಿಡಿದು ವರ್ಷಗಳೇ ಆದವು. ಮೊದಲೆಲ್ಲ ಅವರು ನರಳಿದರೆ ನನಗೂ ಅಳು ಬರ್ತಿತ್ತು. ಈಗ ಏನೂ ಅನ್ನಿಸಲ್ಲ. ಮಾಡೋ ಕೆಲಸ ಮಾಡ್ತೀನಿ, ಅಷ್ಟೆ. ಇದು ಉಪೇಕ್ಖಾನಾ?"

ಅಲ್ಲ ಅಕ್ಕ, ಇದು ದಣಿವು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಒಬ್ಬರೇ ಹೊತ್ತ ಭಾರಕ್ಕೆ ಮನಸ್ಸು ತನ್ನ ಸುತ್ತ ಗೋಡೆ ಕಟ್ಟಿಕೊಂಡಿದೆ. ಉಪೇಕ್ಖಾ ನಾಲ್ಕನೆಯದು ಎಂಬುದನ್ನು ಮರೆಯಬಾರದು. ಮೊದಲ ಮೂರು ಗಟ್ಟಿಯಾದ ಮೇಲೆಯೇ ಅದಕ್ಕೆ ಕೈ ಹಾಕಬೇಕು ಎನ್ನುತ್ತಾರೆ ಬುದ್ಧಘೋಷರು. ಮೆತ್ತಾ ಭಾವನೆಯನ್ನು ಅವರು ಆರಂಭಿಸುವುದೇ ತನ್ನಿಂದ. ಹಾಗಾಗಿ ಮೊದಲು ನಿಮಗೆ ನಿದ್ರೆ ಬೇಕು, ವಾರಕ್ಕೆ ಒಂದು ದಿನವಾದರೂ ಮನೆಯ ಇನ್ನೊಬ್ಬರು ಆ ಕೆಲಸಕ್ಕೆ ಹೆಗಲು ಕೊಡಬೇಕು. ಇದನ್ನು ಓದುತ್ತಿರುವ ಗಂಡಸರು ದಯವಿಟ್ಟು ಗಮನಿಸಿ. ದಣಿದ ಹೆಣ್ಣುಮಕ್ಕಳಿಗೆ 'ಸಮಚಿತ್ತದಿಂದಿರು' ಎಂದು ಉಪದೇಶಿಸುವುದೂ ಉಪೇಕ್ಷೆಯೇ, ಕನ್ನಡದ ಅರ್ಥದಲ್ಲಿ.

ಹಾಗಾದರೆ ಥರ್ಮಾಮೀಟರಿನ ಹಾಗೆ ಎಲ್ಲರ ಜ್ವರವನ್ನೂ ನಾವೇ ಏರಿಸಿಕೊಳ್ಳಬೇಕೇ? ಅದೂ ಅಲ್ಲ. ಇಲ್ಲಿ ವಿಜ್ಞಾನದ ಪದಕ್ಕೂ ಒಂದು ಮಿತಿ ಇದೆ. ಜೀವಂತ ದೇಹ ಸುತ್ತಲಿನ ಗಾಳಿಯ ಜೊತೆ ಸಮತೋಲನಕ್ಕೆ ಬರುವುದೇ ಇಲ್ಲ. ಕಲಬುರಗಿಯ ಬೇಸಿಗೆಯಲ್ಲೂ ಮಡಿಕೇರಿಯ ಚಳಿಯಲ್ಲೂ ಅದು ಸುಮಾರು 37 ಡಿಗ್ರಿ ಸೆಲ್ಸಿಯಸ್ ಕಾಯ್ದುಕೊಳ್ಳುತ್ತದೆ. ಬೆವರಿ, ನಡುಗಿ, ಉಂಡಿದ್ದನ್ನು ಉರಿಸಿ, ಕ್ಷಣಕ್ಷಣವೂ ದುಡಿದು ಕಾಯ್ದುಕೊಳ್ಳುತ್ತದೆ. ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಇದಕ್ಕೆ ಹೋಮಿಯೋಸ್ಟೇಸಿಸ್ ಎಂಬ ಬೇರೆಯದೇ ಹೆಸರು ಕೊಟ್ಟರು. ಕೋಣೆಯ ಬಿಸಿಗೆ ಪೂರ್ತಿ ಸಮವಾಗಿಬಿಡುವುದು ಹೆಣ ಮಾತ್ರ. ತಾಯಿಯ ಅಂಗೈ ಮಗುವಿನ ಸುಡುವ ಹಣೆಯನ್ನು ಮುಟ್ಟುತ್ತದೆ, ಜ್ವರವನ್ನು ಅರಿಯುತ್ತದೆ, ಆದರೆ ತಾಯಿಗೆ ಜ್ವರ ಏರುವುದಿಲ್ಲ. ಆದ್ದರಿಂದಲೇ ಅವಳು ಒದ್ದೆ ಬಟ್ಟೆ ಹಿಂಡಿ ಹಾಕಬಲ್ಲಳು.

'ಲೋಕ ಇರುವುದೇ ಹೀಗೆ, ಹೊಂದಿಕೊಂಡು ಹೋಗು' ಎನ್ನುವವರಿಗೆ ಇದೇ ಉತ್ತರ. ಅನ್ಯಾಯಕ್ಕೆ ಹೊಂದಿಕೊಳ್ಳುವುದು ಹೆಣದ ಸಮತೋಲನ. ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ಉಪೇಕ್ಖಾವನ್ನು ಅಸಡ್ಡೆಯಿಂದ ಸ್ಪಷ್ಟವಾಗಿ ಬೇರ್ಪಡಿಸುತ್ತಾರೆ. ಫಲ ಏನೇ ಬಂದರೂ ಅಲುಗಬಾರದು, ಆದರೆ ಪ್ರಯತ್ನವನ್ನು ಬಿಡಲೂಬಾರದು ಎಂಬುದು ಅವರ ವಿವರಣೆಯ ಸಾರ. ಅವರು ಅದನ್ನು ಬರೆಯುವ ಎಷ್ಟೋ ಮೊದಲೇ ಬದುಕಿ ತೋರಿಸಿದ್ದರು. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರು ಕುಡಿದಾಗ ಅವರ ಜನರ ಮೇಲೆ ಹಲ್ಲೆಯಾಯಿತು. ತಿರುಗಿ ಹೊಡೆಯಬೇಡಿ ಎಂದರು. ಡಿಸೆಂಬರಿನಲ್ಲಿ ಮತ್ತೆ ಸೇರಿದಾಗ ಕೋರ್ಟಿನ ತಡೆಯಾಜ್ಞೆ ಬಂದಿತ್ತು. ಕೆರೆಗೆ ಇಳಿಯುವುದನ್ನು ಮುಂದೂಡಿದರು, ಮೊಕದ್ದಮೆಯನ್ನು ಕೈಬಿಡಲಿಲ್ಲ. ಬಾಂಬೆ ಹೈಕೋರ್ಟಿನಲ್ಲಿ ಗೆಲುವು ಸಿಕ್ಕಿದ್ದು 1937ರಲ್ಲಿ. ಒಂದು ಗುಟುಕು ನೀರಿನ ಹಕ್ಕಿಗೆ ಹತ್ತು ವರ್ಷ. ಅಷ್ಟು ಕಾಲ ದ್ವೇಷದಲ್ಲಿ ಬೇಯದೆ, ನಿರಾಸೆಯಲ್ಲಿ ತಣ್ಣಗಾಗದೆ ಉಳಿದ ಮನಸ್ಸಿಗೆ ಉಪೇಕ್ಖಾ ಎನ್ನದೆ ಇನ್ನೇನು ಹೇಳೋಣ?

*ಇಂದಿನ ಅಭ್ಯಾಸ:* ಈ ದಿನ ಯಾವುದಾದರೂ ವಿಷಯದಲ್ಲಿ 'ನನಗೇನೂ ಅನ್ನಿಸುತ್ತಿಲ್ಲ' ಎಂದು ತೋರಿದರೆ ಅಲ್ಲೇ ಒಂದು ಕ್ಷಣ ನಿಂತು ಕೇಳಿಕೊಳ್ಳೋಣ. ನಾನು ಇದನ್ನು ಹತ್ತಿರದಿಂದ ನೋಡಿ ಶಾಂತನಾಗಿದ್ದೇನೆಯೇ? ಅಥವಾ ನೋಡದೆ ಇರುವುದರಿಂದ ಶಾಂತನಾಗಿದ್ದೇನೆಯೇ? ಮೊದಲನೆಯದಾದರೆ ಮುಂದೆ ಮಾಡಬೇಕಾದ ಕೆಲಸ ಕಣ್ಣಿಗೆ ಕಾಣುತ್ತದೆ. ಎರಡನೆಯದಾದರೆ ಒಂದು ಹೆಜ್ಜೆ ಹತ್ತಿರ ಹೋಗೋಣ.

ಎಲ್ಲರಿಗೂ ಮಂಗಳವಾಗಲಿ 🙏