ಅತಿಥಿಯ ಧರ್ಮ: ಪರದೇಶದ ಮನೆಯಲ್ಲಿ ನಮ್ಮ ಮಕ್ಕಳು

ಮನೆಗೆ ಬಂದ ಅತಿಥಿಯನ್ನು ಹೇಗೆ ಸತ್ಕರಿಸಬೇಕೆಂಬುದನ್ನು ನಮ್ಮ ಶ್ರಾವಕಾಚಾರ ಗ್ರಂಥಗಳು ವಿಸ್ತಾರವಾಗಿ ವಿವೇಚಿಸಿವೆ. ಗೃಹಸ್ಥನ ಹನ್ನೆರಡು ವ್ರತಗಳಲ್ಲಿ ಅತಿಥಿಸಂವಿಭಾಗಕ್ಕೆ ಒಂದು ಸ್ಥಾನವೇ ಉಂಟು. ಆದರೆ ಶ್ರಾವಕನೇ ಇನ್ನೊಬ್ಬರ ಮನೆಯ ಅತಿಥಿಯಾದಾಗ, ಅದೂ ನಮ್ಮ ಆಚಾರವನ್ನು ಕೇಳಿಯೂ ಅರಿಯದ ಮನೆಯಲ್ಲಿ ತಿಂಗಳುಗಟ್ಟಲೆ ಇರಬೇಕಾದಾಗ, ಅವನ ಧರ್ಮವೇನು? ಹಿಂದೆ ಈ ಪ್ರಶ್ನೆ ವಿರಳವಾಗಿತ್ತು. ಈಗ ಅದು ಹದಿನಾರು ಹದಿನೇಳರ ಮಕ್ಕಳ ಮುಂದೆ ಬಂದು ನಿಂತಿದೆ.

ವಿದ್ಯಾರ್ಥಿ ವಿನಿಮಯವೆಂಬ ಪದ್ಧತಿ ಯುದ್ಧದ ನೋವಿನಿಂದ ಬೆಳೆದದ್ದು. ಮೊದಲನೆಯ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಆಂಬುಲೆನ್ಸಿನಲ್ಲಿ ಸಾಗಿಸಿದ ಅಮೆರಿಕದ ಸ್ವಯಂಸೇವಕರ ಸಂಸ್ಥೆಯಾದ ಎ.ಎಫ್.ಎಸ್., ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಪ್ರೌಢಶಾಲೆಯ ಮಕ್ಕಳನ್ನು ಪರದೇಶದ ಕುಟುಂಬಗಳಲ್ಲಿರಿಸಿ ಓದಿಸುವ ಕಾರ್ಯವನ್ನು ಕೈಗೊಂಡಿತು. ಒಬ್ಬರ ಮನೆಯಲ್ಲಿ ಒಬ್ಬರು ಉಂಡು ಬೆಳೆದ ಮಕ್ಕಳು ಮುಂದೆ ಪರಸ್ಪರ ಶಸ್ತ್ರವೆತ್ತಲಾರರೆಂಬುದು ಅದರ ಹಿಂದಿನ ಆಶಯ. ರೋಟರಿ ಸಂಸ್ಥೆಯೂ ಇಂತಹ ವಿನಿಮಯವನ್ನು ನಡೆಸುತ್ತ ಬಂದಿದೆ. ಇಂತಹ ಏರ್ಪಾಡುಗಳಲ್ಲಿ ಆತಿಥೇಯ ಕುಟುಂಬ ಸಾಮಾನ್ಯವಾಗಿ ಹಣ ಪಡೆಯುವುದಿಲ್ಲ. ಮಗುವನ್ನು ಮನೆಯ ಮಗುವೆಂದೇ ಸ್ವೀಕರಿಸುತ್ತದೆ. ಆದುದರಿಂದ ಅಲ್ಲಿಯ ಊಟ ಹೋಟೆಲಿನ ಊಟವಲ್ಲ. ಅದರಲ್ಲಿ ಒಬ್ಬ ತಾಯಿಯ ಪ್ರೀತಿಯಿದೆ. ಕಷ್ಟ ಹುಟ್ಟುವುದೂ ಅಲ್ಲಿಯೇ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಜಿನಧರ್ಮದ ಬೇರು ಹಳೆಯದು. ನಿಡುಗಲ್ಲು ಬೆಟ್ಟದ ಪ್ರಾಚೀನ ಬಸದಿ, ಮಧುಗಿರಿಯ ಮಲ್ಲಿನಾಥ ಬಸದಿಗಳೇ ಅದಕ್ಕೆ ಸಾಕ್ಷಿ. ಇಂದು ನಮ್ಮ ಮನೆಗಳ ಸಂಖ್ಯೆ ಇಲ್ಲಿ ಹೆಚ್ಚಿಲ್ಲ. ಆದರೂ ಇಂತಹ ಊರುಗಳಲ್ಲಿ, ಅವರು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ ಎಂಬುದು ನೆರೆಹೊರೆಯವರಿಗೆ ತಲೆಮಾರುಗಳಿಂದ ತಿಳಿದಿರುತ್ತದೆ. ಮದುವೆಯ ಮನೆಯಲ್ಲಿಯೂ ಕರೆದು ಮೊದಲೇ ಬಡಿಸುವವರುಂಟು. ಇದರಿಂದ ನಮ್ಮ ಮಕ್ಕಳಿಗೆ ತಮ್ಮ ಆಚಾರವನ್ನು ಬಾಯಿಬಿಟ್ಟು ಹೇಳಬೇಕಾದ ಪ್ರಸಂಗವೇ ಬಂದಿರುವುದಿಲ್ಲ. ಊರೇ ಅವರ ವ್ರತವನ್ನು ಕಾಯುತ್ತಿರುತ್ತದೆ.

ಈ ಸೀಮೆಯ ಒಬ್ಬ ಹುಡುಗಿ ಆಗಸ್ಟ್ ತಿಂಗಳ ಕೊನೆಗೆ ಜರ್ಮನಿಯ ಬರ್ಲಿನ್ನಿನ ಒಂದು ಮನೆಗೆ ಹೋದಳೆಂದು ಭಾವಿಸೋಣ. ಆಗ ಅಲ್ಲಿ ಸೂರ್ಯಾಸ್ತ ರಾತ್ರಿ ಎಂಟರ ಸುಮಾರಿಗೆ. ಮನೆಯವರೆಲ್ಲ ಸಂಜೆ ಆರು ಏಳರ ನಡುವೆ ಬ್ರೆಡ್ಡು, ಚೀಸುಗಳ ತಣ್ಣನೆಯ ಊಟಕ್ಕೆ ಕೂಡುತ್ತಾರೆ. ಮೊದಲ ವಾರಗಳಲ್ಲಿ ವ್ರತಕ್ಕೆ ಯಾವ ಅಡ್ಡಿಯೂ ಇಲ್ಲ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಸೂರ್ಯ ಏಳಕ್ಕೆ ಮೊದಲೇ ಮುಳುಗುತ್ತಾನೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಐದು ಗಂಟೆಗೆ ಮುನ್ನವೇ ಕತ್ತಲು. ಡಿಸೆಂಬರಿನಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯಾಸ್ತ. ನಮ್ಮ ಕಡೆ ವರ್ಷವಿಡೀ ಸೂರ್ಯಾಸ್ತದ ವೇಳೆಯಲ್ಲಿ ಆಗುವ ವ್ಯತ್ಯಾಸ ಸುಮಾರು ಒಂದು ಗಂಟೆ. ಅಲ್ಲಿ ಐದು ಗಂಟೆಗಳಿಗೂ ಹೆಚ್ಚು. ದಿನವೆಲ್ಲ ಶಾಲೆ, ಕೆಲಸಗಳಲ್ಲಿ ಚದುರಿದ ಕುಟುಂಬ ಒಂದಾಗಿ ಕೂರುವುದು ಆ ಸಂಜೆಯ ಮೇಜಿನ ಸುತ್ತಲೇ. ಅಲ್ಲಿಂದ ಎದ್ದುಹೋದರೆ ಮನೆಯಿಂದಲೇ ದೂರವಾದಂತೆ.

ಇದಲ್ಲದೆ ಕಣ್ಣಿಗೆ ಕಾಣದ ತೊಡಕುಗಳೂ ಉಂಟು. ಮಕ್ಕಳಿಗೆ ಕೊಡುವ ಮೆತ್ತನೆಯ ಮಿಠಾಯಿಯಲ್ಲಿ ಹಂದಿಯ ಚರ್ಮದಿಂದ ತೆಗೆದ ಜೆಲಟಿನ್ ಇರಬಹುದು. ಕೆಲವು ಚೀಸುಗಳಿಗೆ ಹಾಲನ್ನು ಒಡೆಯಲು ಕರುವಿನ ಜಠರದಿಂದ ಪಡೆದ ರೆನೆಟ್ಟನ್ನು ಬಳಸುತ್ತಾರೆ. ಕೇಕಿನಲ್ಲಿ ಮೊಟ್ಟೆಯಿರುತ್ತದೆ. ಬೆಳಗಿನ ಬ್ರೆಡ್ಡಿಗೆ ಜೇನು ಸವರಿ ಕೊಟ್ಟರೆ, ಜೇನಿನ ಹೆಸರನ್ನೇ ಹೊತ್ತ ಮಧುಗಿರಿಯಿಂದ ಬಂದವಳು ಜೇನನ್ನು ಏಕೆ ತಿನ್ನುವುದಿಲ್ಲವೆಂದು ವಿವರಿಸಬೇಕಾಗುತ್ತದೆ. ಆಲೂಗಡ್ಡೆಯನ್ನು ಬೇಡವೆಂದವಳು ನೆಲಗಡಲೆಯನ್ನು ತಿನ್ನುವುದನ್ನು ಕಂಡು, ಅದೂ ಮಣ್ಣಿನೊಳಗೆ ಬೆಳೆಯುವುದಲ್ಲವೇ ಎಂದು ಆ ಮನೆಯ ತಾಯಿ ಕೇಳಿಯೇ ಕೇಳುತ್ತಾಳೆ. ಶಿರಾ ಪಾವಗಡಗಳ ಹೊಲಗಳಲ್ಲಿ ಕಡಲೆಕಾಯಿ ಕಿತ್ತದ್ದನ್ನು ನೋಡುತ್ತ ಬೆಳೆದವರೂ ಈ ಪ್ರಶ್ನೆಗೆ ತಡವರಿಸುವರು. ಆಲೂಗಡ್ಡೆ ಕಂದ, ಅನಂತ ಜೀವಗಳಿಗೆ ಒಂದೇ ಶರೀರವಾದ ಅನಂತಕಾಯವೆಂದು ಶಾಸ್ತ್ರ ಅದನ್ನು ವರ್ಜಿಸುತ್ತದೆ. ಕಡಲೆಕಾಯಿ ಮಣ್ಣಿನೊಳಗಿದ್ದರೂ ಕಂದವಲ್ಲ, ಸಿಪ್ಪೆಯೊಳಗೆ ಒಣಗುವ ಬೀಜ. ಕಾರಣ ಬಲ್ಲವಳು ಶಾಂತವಾಗಿ ಹೇಳಿಯಾಳು. ಬರಿಯ ರೂಢಿಯಿಂದ ನಡೆದವಳಿಗೆ ತನ್ನ ಆಚಾರವೇ ಹುರುಳಿಲ್ಲದ್ದೆಂದು ತೋರೀತು.

ಇಲ್ಲಿ ಮಹಾತ್ಮಾ ಗಾಂಧಿಯವರ ಉದಾಹರಣೆ ಸ್ಮರಣೀಯ. 1888ರ ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಹಡಗು ಹತ್ತಿದಾಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಮದ್ಯ, ಮಾಂಸ, ಪರಸ್ತ್ರೀಯರನ್ನು ಮುಟ್ಟುವುದಿಲ್ಲವೆಂದು ಅವರಿಂದ ಪ್ರತಿಜ್ಞೆ ಮಾಡಿಸಿದವರು ಬೇಚರಜೀ ಸ್ವಾಮಿಯೆಂಬ ಜೈನ ಸಾಧುಗಳು. ಅಲ್ಲಿಯ ಮನೆಗಳಲ್ಲಿ ಇವರಿಗೆ ಏನು ಬೇಯಿಸಬೇಕೆಂದೇ ತಿಳಿಯದು. ಎರಡು ಮೂರು ತುಂಡು ಬ್ರೆಡ್ಡಿಗಿಂತ ಹೆಚ್ಚು ಕೇಳಲು ನಾಚಿ ಹಸಿದಿದ್ದುದನ್ನು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಮೊಟ್ಟೆ ಮಾಂಸವಲ್ಲವೆಂದು ವಾದಿಸುವವರು ಅಲ್ಲಿದ್ದರು. ಆ ವಾದಕ್ಕೆ ಒಲಿದು ಕೆಲಕಾಲ ಮೊಟ್ಟೆಯನ್ನು ತಿಂದದ್ದೂ ಉಂಟು. ಆದರೆ ಪ್ರತಿಜ್ಞೆಯನ್ನು ಯಾರಿಗೆ ಕೊಟ್ಟೆನೋ ಆ ತಾಯಿ ಮಾಂಸವೆಂಬ ಮಾತನ್ನು ಹೇಗೆ ತಿಳಿದಿದ್ದಳೋ ಅದೇ ತನಗೆ ಪ್ರಮಾಣವೆಂದು ನಿಶ್ಚಯಿಸಿ ಅದನ್ನು ಬಿಟ್ಟರು. ಇದರಲ್ಲಿ ನಮಗೆ ಎರಡು ಪಾಠಗಳಿವೆ. ವ್ರತದ ಅರ್ಥವನ್ನು ಅನುಕೂಲಕ್ಕೆ ತಕ್ಕಂತೆ ಹಿಗ್ಗಿಸಬಾರದೆಂಬುದು ಒಂದು. ಸಂಕೋಚದಿಂದ ಬಾಯಿ ಮುಚ್ಚಿಕೊಂಡು ಹಸಿದಿರುವುದು ವ್ರತದ ಅಂಗವಲ್ಲವೆಂಬುದು ಇನ್ನೊಂದು.

ಈಗ ಮೂಲ ಪ್ರಶ್ನೆಗೆ ಬರೋಣ. ಮಗುವಿನ ಮುಂದೆ ಮೂರು ದಾರಿಗಳಿವೆ. ಅಲ್ಲಿ ಎಲ್ಲವನ್ನೂ ತಿಂದು, ತಂದೆತಾಯಿಗಳಿಗೆ ಫೋನಿನಲ್ಲಿ ಎಲ್ಲ ಸರಿಯಾಗಿದೆ ಎನ್ನುವುದು ಮೊದಲನೆಯದು. ತಟ್ಟೆಯನ್ನು ದೂರ ಸರಿಸಿ, ಇವರ ಅಡಿಗೆಮನೆಯೇ ಅಶುದ್ಧವೆಂದು ಮುಖ ಸಿಂಡರಿಸುವುದು ಎರಡನೆಯದು. ಮೊದಲನೆಯದರಲ್ಲಿ ಮಾಯಾ ಎಂಬ ಕಷಾಯವಿದೆ; ಎರಡನೆಯದರಲ್ಲಿ ಮಾನ ಎಂಬ ಕಷಾಯ. ಆಹಾರದೋಷಕ್ಕೆ ಹೆದರಿ ಕಷಾಯವನ್ನು ಬೆಳೆಸಿಕೊಂಡರೆ ವ್ರತದ ಪ್ರಯೋಜನವೇ ಕೆಟ್ಟಿತು. ಮೊದಲ ದಿನವೇ, ಬಡಿಸುವುದಕ್ಕೆ ಮುನ್ನವೇ, ತನ್ನ ಮಿತಿಯನ್ನು ವಿನಯದಿಂದ ಹೇಳಿ, ಇರುವುದರಲ್ಲಿ ಸಲ್ಲುವುದನ್ನು ಸಂತೋಷದಿಂದ ಸ್ವೀಕರಿಸುವುದು ಮೂರನೆಯ ದಾರಿ. ಕತ್ತಲಾದ ಮೇಲೆಯೂ ಎಲ್ಲರೊಡನೆ ಮೇಜಿಗೆ ಕೂರಬಹುದು. ತಟ್ಟೆ ಬರಿದಾಗಿದ್ದರೂ ಮಾತು ಬರಿದಾಗಬೇಕಾಗಿಲ್ಲ. ಶಾಲೆಯಿಂದ ಬಂದೊಡನೆ ತಾನೇ ಏನನ್ನಾದರೂ ಮಾಡಿಕೊಂಡು ಉಂಡು, ಪಾತ್ರೆ ತೊಳೆದಿಟ್ಟರೆ ಆತಿಥೇಯರಿಗೂ ಭಾರವಿಲ್ಲ.

ತಿಳಿಯದೆ ತಿಂದುಬಿಟ್ಟರೆ ಏನು ಗತಿಯೆಂಬುದು ಅನೇಕ ತಾಯಂದಿರ ಚಿಂತೆ. ತತ್ತ್ವಾರ್ಥಸೂತ್ರ ಹಿಂಸೆಯನ್ನು ಲಕ್ಷಿಸುವಾಗ ಪ್ರಮತ್ತಯೋಗವನ್ನು, ಎಂದರೆ ಎಚ್ಚರಗೇಡಿತನವನ್ನು, ಮೂಲಕಾರಣವಾಗಿ ಹೇಳಿದೆ. ಕೇಳಿ ತಿಳಿದುಕೊಂಡು ಎಚ್ಚರದಿಂದ ನಡೆದವಳು ಮೋಸಹೋದರೆ ಅದು ಸಂಕಲ್ಪಪೂರ್ವಕವಾದ ದೋಷವಲ್ಲ. ಆಲೋಚನೆ, ಪ್ರತಿಕ್ರಮಣಗಳಿಂದ ಶುದ್ಧಿಯುಂಟು. ಅದಕ್ಕಾಗಿ ಅಳುವುದೂ ಬೇಡ, ಬಡಿಸಿದವರನ್ನು ದೂಷಿಸುವುದೂ ಬೇಡ. ಆದರೆ ಕೇಳಿದರೆ ಬಿಡಬೇಕಾದೀತೆಂದು ಕೇಳದೆಯೇ ತಿನ್ನುವುದು ಪ್ರಮಾದವೇ ಸರಿ.

ಅತಿಥಿಯು ಹೇಗಿರಬೇಕೆಂಬುದಕ್ಕೆ ನಮ್ಮಲ್ಲಿ ಆದರ್ಶವಿಲ್ಲದಿಲ್ಲ. ದಿಗಂಬರ ಮುನಿಗಳ ಆಹಾರಚರ್ಯೆಯನ್ನು ಭ್ರಾಮರೀವೃತ್ತಿ ಎನ್ನುತ್ತಾರೆ. ದುಂಬಿಯು ಹೂವನ್ನು ನೋಯಿಸದೆ ರಸವನ್ನು ಕೊಳ್ಳುವಂತೆ, ಕೊಡುವವರಿಗೆ ಬಾಧೆಯಾಗದಂತೆ ಕೊಳ್ಳುವುದು. ತನಗಾಗಿಯೇ ಉದ್ದೇಶಿಸಿ ಮಾಡಿದ ಆಹಾರವನ್ನು ಮುನಿಗಳು ಒಲ್ಲರು. ವಿಧಿ ದೊರೆಯದಿದ್ದರೆ ಸಿಟ್ಟಾಗದೆ ಮರಳುತ್ತಾರೆ. ಗೃಹಸ್ಥರ ಮಕ್ಕಳಿಗೆ ಆ ಕಠಿಣ ನಿಯಮ ವಿಧಿಸಿಲ್ಲ. ಅದರ ಭಾವ ಮಾತ್ರ ಅವರಿಗೂ ಸಲ್ಲುತ್ತದೆ. ವ್ರತ ನನ್ನದಾದುದರಿಂದ ಅದರ ಕಷ್ಟದ ಬಹುಭಾಗವೂ ನನ್ನದಾಗಿರಬೇಕು. ನನ್ನ ಸಂಯಮದ ಬೆಲೆಯನ್ನು ಇನ್ನೊಬ್ಬ ತಾಯಿ ದಿನವೂ ಎರಡು ಅಡಿಗೆ ಮಾಡಿ ತೆರಬೇಕೆಂದರೆ ಅದು ಸಂಯಮವೆನಿಸದು.

ಕೆಲವು ಹಿರಿಯರು, ಇಷ್ಟೆಲ್ಲ ಏಕೆ, ಮಕ್ಕಳನ್ನು ಕಳುಹಿಸದಿದ್ದರಾಯಿತು ಎನ್ನಬಹುದು. ದಿಗ್ವ್ರತವು ಸಂಚಾರಕ್ಕೆ ಎಲ್ಲೆಯನ್ನು ಹಾಕುವುದು ನಿಜ. ಆದರೆ ಅದು ಸ್ವಯಂ ವಿವೇಕದಿಂದ ಕೈಕೊಳ್ಳುವ ವ್ರತವೇ ಹೊರತು ಮಕ್ಕಳಿಗೆ ಬಿಗಿಯುವ ಬೇಲಿಯಲ್ಲ. 1893ರಲ್ಲಿ ಚಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ಆಹ್ವಾನ ಬಂದಾಗ, ಮುನಿಧರ್ಮಕ್ಕೆ ಸಮುದ್ರಯಾನ ಸಲ್ಲದೆಂದು ತಾವು ಹೋಗದೆ ಇದ್ದ ಆಚಾರ್ಯ ವಿಜಯಾನಂದ ಸೂರಿಗಳು, ಗೃಹಸ್ಥರಾದ ವೀರಚಂದ ರಾಘವಜೀ ಗಾಂಧಿಯವರನ್ನು ಕಳುಹಿಸಿದರು. ಮುನಿಗೆ ಸಲ್ಲದ್ದು ಗೃಹಸ್ಥನಿಗೆ ಸಲ್ಲಬಹುದೆಂಬ ವಿವೇಕ ಆಗಲೂ ಇತ್ತು.

ಇನ್ನೊಂದು ಮಾತನ್ನು ನಾವು ಕೇಳಿಕೊಳ್ಳಲೇಬೇಕು. ವಿನಿಮಯವೆಂದ ಮೇಲೆ ಅತ್ತಣ ಮಗುವೂ ಇತ್ತ ಬರುವುದುಂಟು. ಜರ್ಮನಿಯ ಹುಡುಗನೊಬ್ಬ ಕೊರಟಗೆರೆಯ ನಮ್ಮ ಮನೆಯಲ್ಲಿ ನಿಂತು, ರಾತ್ರಿ ಒಂಬತ್ತಕ್ಕೆ ಹಸಿವೆಂದರೆ ನಾವೇನು ಮಾಡುತ್ತೇವೆ? ಮಾಂಸವನ್ನು ಮನೆಯೊಳಗೆ ತರುವಂತಿಲ್ಲವೆಂದು ಮೊದಲೇ ಹೇಳುವ ಹಕ್ಕು ನಮಗುಂಟು; ಅವನ ಊರಿನ ಊಟವನ್ನು ಕುರಿತು ಅಸಹ್ಯದ ಮಾತಾಡುವ ಹಕ್ಕಿಲ್ಲ. ನಮ್ಮ ಮಗಳ ವ್ರತವನ್ನು ಬರ್ಲಿನ್ನಿನ ತಾಯಿ ಗೌರವಿಸಲೆಂದು ಬಯಸುವ ನಾವು, ಆ ಹುಡುಗನ ಹಸಿವನ್ನು ಅಷ್ಟೇ ಆದರದಿಂದ ಕಾಣುತ್ತೇವೆಯೆ? ಇದಕ್ಕೆ ಹೌದೆಂದು ಹೇಳಲಾಗದಿದ್ದರೆ, ನಾವು ಕೇಳುತ್ತಿರುವುದು ಧರ್ಮಕ್ಕೆ ಗೌರವವನ್ನಲ್ಲ, ನಮ್ಮವರಿಗೆ ಸೌಕರ್ಯವನ್ನು ಮಾತ್ರ.

ಆದುದರಿಂದ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ಪ್ರಯಾಣದ ಪೆಟ್ಟಿಗೆಗೆ ಹುರಿಹಿಟ್ಟು, ಚಟ್ನಿಪುಡಿ ತುಂಬುವುದಕ್ಕೆ ಮೊದಲು ಮಗುವಿನೊಡನೆ ಕುಳಿತು ಮಾತಾಡಲಿ. ಮಗು ತಾನಾಗಿ ತೆಗೆದುಕೊಂಡ ನಿಯಮ ಯಾವುದು, ಮನೆಯ ರೂಢಿಯಿಂದ ಬಂದದ್ದು ಯಾವುದು ಎಂದು ವಿಂಗಡಿಸಲಿ. ಪಾಲಿಸಲಾರದ ಹತ್ತು ನಿಯಮಗಳನ್ನು ಹೇರಿ ಸುಳ್ಳು ಕಲಿಸುವುದಕ್ಕಿಂತ, ಪಾಲಿಸಬಲ್ಲ ಮೂರನ್ನು ಅರ್ಥಸಹಿತ ಕೊಟ್ಟು ಕಳುಹಿಸುವುದು ಮೇಲು. ತಪ್ಪಿದರೆ ಹೇಳಿಕೊಳ್ಳಲು ಹೆದರಬೇಕಾಗಿಲ್ಲವೆಂಬ ಭರವಸೆಯನ್ನೂ ಕೊಡಲಿ. ಬಸದಿಯ ಟ್ರಸ್ಟುಗಳು ಬೇಸಿಗೆಯ ಧಾರ್ಮಿಕ ಶಿಬಿರಗಳಲ್ಲಿ ಸ್ತೋತ್ರಗಳನ್ನು ಬಾಯಿಪಾಠ ಮಾಡಿಸುವುದರ ಜೊತೆಗೆ, ಏಕೆ ತಿನ್ನುವುದಿಲ್ಲವೆಂಬ ಪ್ರಶ್ನೆಗೆ ಸರಳವಾದ ಉತ್ತರವನ್ನು ಮಕ್ಕಳಿಂದಲೇ ಹೇಳಿಸುವ ಅಭ್ಯಾಸವನ್ನು ಇಟ್ಟುಕೊಂಡರೆ ಉಪಕಾರವಾದೀತು.

ಊರು ಕಾಯ್ದ ವ್ರತವನ್ನು ಊರು ಬಿಟ್ಟ ಮೇಲೆ ಮಗುವೇ ಕಾಯಬೇಕು. ಅಂತಹ ಶಕ್ತಿ ಕಟ್ಟಳೆಯಿಂದ ಹುಟ್ಟುವುದಿಲ್ಲ, ತಿಳಿವಳಿಕೆಯಿಂದ ಹುಟ್ಟುತ್ತದೆ. ಅದನ್ನು ಕೊಟ್ಟು ಕಳುಹಿಸಿದ ಮನೆಯವರು, ಮಗು ಯಾವ ದೇಶದ ಮೇಜಿನ ಮುಂದೆ ಕುಳಿತರೂ ನಿಶ್ಚಿಂತರಾಗಿರಬಹುದು.