ನೀರ ಮೇಲಿನ ಗೆರೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯವರಾದ ನಮಗೆ ಸಮುದ್ರ ದೂರದ ಮಾತು. ಆದರೆ ನೀರಿನ ಗಡಿ ಹೊಸದಲ್ಲ. 1956ರ ನವೆಂಬರ್ 1ಕ್ಕೆ ಮೊದಲು ತುಂಗಭದ್ರೆಯ ಈ ದಂಡೆಯ ರಾಣೆಬೆನ್ನೂರು ತಾಲೂಕು ಮುಂಬಯಿ ರಾಜ್ಯಕ್ಕೆ ಸೇರಿತ್ತು, ಆ ದಂಡೆಯ ಹರಿಹರ ಮೈಸೂರಿಗೆ. ಎರಡೂ ಕಡೆ ಆಡುವ ಮಾತು ಕನ್ನಡವೇ. ಏಕೀಕರಣದ ದಿನ ಆ ಗೆರೆ ಅಳಿಯಿತು, ಹೊಳೆ ಹಿಂದಿನಂತೆಯೇ ಹರಿಯಿತು. ಅಂದಮೇಲೆ ನೀರ ಮೇಲಿನ ಗೆರೆ ದಾಟುವುದು ಅಪರಾಧ ಹೇಗಾದೀತು ಎಂದು ಕೇಳಬೇಕೆನಿಸುತ್ತದೆ.

ನಮ್ಮಲ್ಲಿ ಅನೇಕರು ರಾಮೇಶ್ವರಕ್ಕೆ ಯಾತ್ರೆ ಹೋಗಿ ಬಂದವರು. ಅಲ್ಲಿಂದಾಚೆ ಕಡಲಿನಲ್ಲಿ ಕಚ್ಚತೀವು ಎಂಬ ದ್ವೀಪವಿದೆ. ಬರೀ 285 ಎಕರೆ. ಕುಡಿಯುವ ನೀರಿಲ್ಲ, ಸಂತ ಅಂತೋಣಿಯ ಚರ್ಚು ಒಂದಿದೆ. 1974ರಲ್ಲಿ ಇಂದಿರಾ ಗಾಂಧಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಮಾಡಿಕೊಂಡ ಒಪ್ಪಂದದಲ್ಲಿ ಆ ದ್ವೀಪ ಶ್ರೀಲಂಕಾದ ಕಡೆಗೆ ಬಿತ್ತು. ನಮ್ಮವರು ಹಬ್ಬಕ್ಕೆ ಹೋಗಬಹುದು ಎಂದಾಯಿತು. 1976ರಲ್ಲಿ, ಒಬ್ಬರ ನೀರಿನಲ್ಲಿ ಇನ್ನೊಬ್ಬರು ಮೀನು ಹಿಡಿಯಕೂಡದೆಂದು ಗೊತ್ತಾಯಿತು. ಈಗ ಗೆರೆ ದಾಟಿ ಸಿಕ್ಕಿಬಿದ್ದವರು ಸೆರೆಮನೆ ಸೇರುತ್ತಾರೆ, ದೋಣಿ ಜಪ್ತಿಯಾಗುತ್ತದೆ. ಮನೆಯಲ್ಲಿ ಸಾಲದವರಿಗೆ ಉತ್ತರ ಹೇಳಬೇಕಾದವಳು ಹೆಂಡತಿ.

ಇಲ್ಲಿಗೇ ನಿಲ್ಲಿಸಿದರೆ ಅರ್ಧ ಕತೆ ಹೇಳಿದಂತೆ. ಆಚೆ ದಡದ ಬೆಸ್ತರೂ ತಮಿಳರೇ, ಬಡವರೇ. 2009ರಲ್ಲಿ ಮುಗಿದ ಯುದ್ಧದ ವರ್ಷಗಳಲ್ಲಿ ಕಡಲಿಗಿಳಿಯಲು ಅವರಿಗೆ ಎಷ್ಟೋ ನಿರ್ಬಂಧಗಳಿದ್ದವು. ಮತ್ತೆ ಸಣ್ಣ ದೋಣಿ ಇಳಿಸಿದಾಗ ಎದುರಾದದ್ದು ನಮ್ಮ ಕಡೆಯ ಟ್ರಾಲರುಗಳು. ಟ್ರಾಲರಿನ ಬಲೆ ಕಡಲ ತಳವನ್ನೇ ಗೋರುತ್ತದೆ, ಮರಿ ಮೀನನ್ನೂ ಬಿಡುವುದಿಲ್ಲ. 2017ರಲ್ಲಿ ಶ್ರೀಲಂಕಾ ಅಂಥ ಮೀನುಗಾರಿಕೆಯನ್ನೇ ನಿಷೇಧಿಸಿತು. ಗೆರೆ ಅಳಿಸಿಬಿಡಿ ಎಂದು ಆ ದಡದ ಹೆಂಗಸಿಗೆ ಹೇಳಿ ನೋಡಿ, ಅವಳು ಒಪ್ಪಿಯಾಳೇ?

ನಮ್ಮ ಮೆಣಸಿನಕಾಯಿ ಹೊಲದ ಬದುವಿನ ಹಾಗೆ ಇದು. ದೊಡ್ಡ ಹೊಲದವನು ವರ್ಷವರ್ಷ ಒಂದು ಸಾಲು ಬದು ಒತ್ತುತ್ತ ಬಂದರೆ, ಎರಡೆಕರೆಯವಳಿಗೆ ಆ ಬದುವೇ ಆಸರೆ. ಅದರ ಮೇಲೆ ಹುಲ್ಲು ಕೊಯ್ಯಲು ಬಂದ ಬಡವಿಯನ್ನು ಕಟ್ಟಿಹಾಕಿದರೆ ಅದೇ ಬದು ಅನ್ಯಾಯವಾಗುತ್ತದೆ. ತುಂಗಭದ್ರೆಯ ಗೆರೆ ಅಳಿದಾಗ ಯಾವ ದಂಡೆಯವರ ತುತ್ತೂ ಹೋಗಲಿಲ್ಲ. ಕಡಲಿನಲ್ಲಿ ಹಾಗಲ್ಲ.

ಆದ್ದರಿಂದ ದ್ವೀಪ ಯಾರದೆಂಬ ಜಗಳಕ್ಕಿಂತ, ಗೋರುವ ಬಲೆಯನ್ನು ನಿಲ್ಲಿಸುವುದೂ ಕೂಲಿಗಾಗಿ ಆ ದೋಣಿ ಹತ್ತಿದವನನ್ನು ಮನೆಗೆ ಕಳಿಸುವುದೂ ಮೊದಲು ಆಗಬೇಕಾದ ಕೆಲಸವೆಂದು ನನಗನಿಸುತ್ತದೆ.