‘ನೀನು ಮೇಷ್ಟ್ರಾಗು’ ಅನ್ನುವ ಹಕ್ಕು ಯಾರಿಗಿದೆ?

ಎಳೆಯರನ್ನು ಮೇಷ್ಟ್ರ ಕೆಲಸಕ್ಕೆ ಹುರಿದುಂಬಿಸುವ ವಿದ್ಯಾರ್ಥಿ ಸಂಘಗಳು ಅಮೆರಿಕದಲ್ಲಿ 1938ರಲ್ಲೇ ಹುಟ್ಟಿದವು. ಅಂಥ ಸಂಘಗಳು ಶಿಕಾರಿಪುರ, ಸೊರಬದ ಹಾಸ್ಟೆಲುಗಳಲ್ಲೂ ಬೇಕು ಎಂಬುದು ನನ್ನ ವಾದ. ಆದರೆ ಕಟ್ಟುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಬೇಕು. ಕೂಲಿ ಮಾಡಿ ಓದಿಸಿದ ಅವ್ವನ ಮಗಳಿಗೆ ‘ನೀನು ಮೇಷ್ಟ್ರಾಗು’ ಅನ್ನುವ ಹಕ್ಕು ನಮಗೆ ಎಲ್ಲಿಂದ ಬಂತು?

ಉಳ್ಳವರ ಮನೆಯಲ್ಲಿ ಈ ಮಾತು ಹುಟ್ಟೋದೇ ಇಲ್ಲ. ಅವರ ಮಕ್ಕಳಿಗೆ ಡಾಕ್ಟರು, ಇಂಜಿನಿಯರು. ನಮ್ಮ ಮಕ್ಕಳಿಗೆ ಮಾತ್ರ ಸೇವೆ, ತ್ಯಾಗ! ಮೂರು ತಲೆಮಾರು ಬಿಟ್ಟಿ ಚಾಕರಿ ಮಾಡಿದ ಮನೆಗೆ ಮತ್ತೆ ತ್ಯಾಗದ ಪಾಠ ಹೇಳೋದು ಯಾವ ನ್ಯಾಯ?

ಅಕ್ಷರಕ್ಕೆ ನಮ್ಮ ಸೀಮೆ ಹೆಸರಾದದ್ದು ನಿಜ. ಶಿಕಾರಿಪುರ ತಾಲೂಕಿನ ತಾಳಗುಂದದ ಕಂಬ ಶಾಸನ ಮಯೂರಶರ್ಮ ಕಂಚಿಯ ಘಟಿಕೆಗೆ ಓದಲು ಹೋದ ಕತೆ ಹೇಳುತ್ತದೆ. ಅಲ್ಲಿ ಅವಮಾನವಾಯಿತು, ಕತ್ತಿ ಹಿಡಿದ, ರಾಜನಾದ. ಅವನಿಗೆ ಘಟಿಕೆಯ ಬಾಗಿಲಾದರೂ ತೆರೆದಿತ್ತು. ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನದಲ್ಲಿ ವೇದ, ವ್ಯಾಕರಣ, ತರ್ಕಗಳ ಓದಿನ ವರ್ಣನೆ ಇದೆ; ದೀನರಿಗೆ, ಕುರುಡರಿಗೆ, ಕುಂಟರಿಗೆ ಅನ್ನ ಹಾಕಿದ ಮಾತೂ ಇದೆ. ಅನ್ನ ಹಾಕುವುದು ದೊಡ್ಡದೇ. ಆದರೆ ಉಂಡವನು ನಾಳೆ ಓದಲು ಕೂತನೇ? ಓದಿಸಲು ನಿಂತನೇ?

ನಮ್ಮವರು ಕಲಿಸಲು ನಿಂತಾಗ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಸೊರಬದ ಪಕ್ಕದ ಸಾಗರ ತಾಲೂಕಿನ ಕಾಗೋಡಿನಲ್ಲಿ ಒಡೆಯರು ಗೇಣಿ ಭತ್ತ ಅಳೆಯುವ ಕೊಳಗ ಅಳತೆ ಮೀರಿ ದೊಡ್ಡದಿತ್ತು. 1951ರಲ್ಲಿ ಗೇಣಿದಾರರು ಎದ್ದು ನಿಂತರು. ಅವರನ್ನು ಸಂಘಟಿಸಿದ ಎಚ್. ಗಣಪತಿಯಪ್ಪ ಶಾಲೆ ಮೇಷ್ಟ್ರಾಗಿದ್ದವರು. ಲೆಕ್ಕ ಬಲ್ಲವನಿಗೆ ಕೊಳಗದ ಮೋಸ ಕಾಣುತ್ತದೆ. ಮುಂದೆ ಭದ್ರಾವತಿಯಿಂದ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಬಿ. ಕೃಷ್ಣಪ್ಪನವರೂ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದವರೇ.

ಹಾಗಾಗಿ ಇದು ಸೇವೆಯ ಮಾತಲ್ಲ, ಅಧಿಕಾರದ ಮಾತು. ಯಾವ ಮಗು ಮುಂದಿನ ಸಾಲಿನಲ್ಲಿ ಕೂರಬೇಕು, ಬಿಸಿಯೂಟಕ್ಕೆ ಯಾರ ಪಕ್ಕ ಯಾರು ಕೂರಬೇಕು, ಕಸಬರಿಕೆ ಯಾರ ಕೈಗೆ ಕೊಡಬೇಕು — ದಿನಾ ತೀರ್ಮಾನ ಮಾಡುವವರು ಮೇಷ್ಟ್ರು. ಈ ತೀರ್ಮಾನದ ಜಾಗದಲ್ಲಿ ನಮ್ಮ ಹೆಣ್ಣುಮಕ್ಕಳು, ಗಂಡುಮಕ್ಕಳು ಇರಲೇಬೇಕು.

ಆದರೆ ಆ ಜಾಗಕ್ಕೆ ಕಳಿಸಿ ಕೈತೊಳೆದುಕೊಂಡರೆ ಆಗದು. 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರಾದ ಅಂಬೇಡ್ಕರರಿಗೆ ಜೊತೆಯ ಅಧ್ಯಾಪಕರೇ ನೀರಿನ ಪಾತ್ರೆ ಮುಟ್ಟಬೇಡ ಅಂದರು. ಇವತ್ತಿಗೂ ವರ್ಗವಾಗಿ ಹೋದ ಊರಲ್ಲಿ ಜಾತಿ ಕೇಳಿ ‘ಮನೆ ಖಾಲಿ ಇಲ್ಲ’ ಅನ್ನುವವರಿದ್ದಾರೆ. ಕೆಲಸ ಸಿಕ್ಕರೆ ಈ ಪಾಡು. ಸಿಗದಿದ್ದರೆ ಅತಿಥಿ ಶಿಕ್ಷಕರೆಂಬ ಹೆಸರು, ವರ್ಷ ವರ್ಷವೂ ಗೌರವಧನಕ್ಕೆ ಕಾಯುವ ಬಾಳು. ಅಮೆರಿಕದಲ್ಲಿ 1954ರ ತೀರ್ಪು ಕರಿಯ ಮಕ್ಕಳಿಗೆ ಬಿಳಿಯರ ಶಾಲೆಯ ಬಾಗಿಲು ತೆರೆಯಿತು. ಅದರ ಹಿಂದೆಯೇ ದಕ್ಷಿಣದ ರಾಜ್ಯಗಳಲ್ಲಿ ಸಾವಿರಾರು ಕರಿಯ ಶಿಕ್ಷಕರು ಕೆಲಸ ಕಳೆದುಕೊಂಡರು. ಮಕ್ಕಳನ್ನು ಒಳಗೆ ಕರೆದು ಅವರ ಮೇಷ್ಟ್ರನ್ನು ಹೊರಗೆ ಹಾಕುವುದು ಅಲ್ಲೂ ಉಂಟು.

ಗೆಳೆಯರೆ, ಸಂಘ ಕಟ್ಟೋಣ. ಆದರೆ ತ್ಯಾಗ ಮಾಡು ಅನ್ನುವುದು ಬೇಡ. ಕಾಯಂ ಹುದ್ದೆಗೆ, ನ್ಯಾಯವಾದ ಸಂಬಳಕ್ಕೆ ಸಂಘವೇ ಬೀದಿಗೆ ಇಳಿಯಲಿ. ಮನೆ ಸಿಗದ ಊರಿಗೆ ನಾಲ್ಕು ಜನ ಹೋಗಿ ಮನೆ ಕೇಳಲಿ. ‘ನಾನು ಡಾಕ್ಟರಾಗ್ತೀನಿ’ ಅಂದ ಹುಡುಗಿಯನ್ನು ದ್ರೋಹಿ ಅನ್ನದೆ ಆ ದಾರಿಗೂ ಪುಸ್ತಕ ಹೊಂದಿಸಿಕೊಡಲಿ. ಇಷ್ಟು ಮಾಡಲು ತಯಾರಿದ್ದವರು ಮಾತ್ರ ಆ ಅವ್ವನ ಮುಂದೆ ಕೂತು, ನಿಮ್ಮ ಮಗಳು ಮೇಷ್ಟ್ರಾಗಲಿ ಅಂತ ಕೇಳಬಹುದು.